ಯಾವ ಸಾಮಾನಿಗೆ ಯಾರ ಕೈ? ಮನೆ ಬದಲಿಸುವ ಮುನ್ನ

ನಮ್ಮನೆಯವರಿಗೆ ಶಿವಮೊಗ್ಗದಿಂದ ಬೆಂಗಳೂರಿಗೆ ವರ್ಗವಾದಾಗ ಮೂರು ಕಡೆ ರೇಟು ಕೇಳಿದ್ದೆವು. ಒಬ್ಬರು ವಿಡಿಯೊ ಕಾಲ್‌ನಲ್ಲೇ ಮನೆ ನೋಡಿ 38,000 ಎಂದರು. ಇನ್ನೊಬ್ಬರು ಒಬ್ಬ ಹುಡುಗನನ್ನು ಕಳಿಸಿದರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ರೂಮು ರೂಮು ಸುತ್ತಿ, ಕಾಗದದ ಮೇಲೆ ಗೀಟು ಹಾಕಿಕೊಂಡು 26,000 ಎಂದ. ಮೂರನೆಯವರು ನಮ್ಮ ಬೀದಿ ಕೊನೆಯ ಟೆಂಪೊ ಸ್ಟ್ಯಾಂಡಿನವರು. ಬಾಗಿಲಲ್ಲೇ ನಿಂತು, "ಅಕ್ಕಾ, ಎರಡು ರೂಮಿನ ಮನೆ ಅಲ್ವಾ, ಹದಿನಾಲ್ಕಡಿ ಗಾಡಿ ಸಾಕು. 13,000 ಕೊಡಿ, ಹಮಾಲಿ ಬೇರೆ" ಅಂದರು. ಮೂವರಲ್ಲಿ ಒಬ್ಬರೂ ಅಟ್ಟ ಹತ್ತಿ ನೋಡಲಿಲ್ಲ. ಅಟ್ಟದ ಮೇಲೆ ಇದ್ದದ್ದು ನಮ್ಮತ್ತೆಯ ನಲವತ್ತು ವರ್ಷದ ಸಂಸಾರ.

ಬ್ಯಾಂಕ್ ನೌಕರಿಯವರನ್ನು ಮದುವೆಯಾದ ತಪ್ಪಿಗೆ ಇಪ್ಪತ್ತೆರಡು ವರ್ಷದಲ್ಲಿ ನಾನು ಎಂಟು ಬಿಡಾರ ಕಿತ್ತು ಎಂಟು ಬಿಡಾರ ಹೂಡಿದ್ದೇನೆ. ಹಾಗಾಗಿ ಗೊತ್ತಿದ್ದವರಲ್ಲಿ ಯಾರು ಮನೆ ಶಿಫ್ಟ್ ಮಾಡಿದರೂ ನನಗೊಂದು ಫೋನು ಬರುತ್ತದೆ. "ಪ್ಯಾಕರ್ಸ್ ಒಳ್ಳೇದಾ, ಟೆಂಪೊ ಒಳ್ಳೇದಾ?" ಮೊದಲೆಲ್ಲ ಯಾವುದಾದರೊಂದು ಹೆಸರು ಹೇಳಿಬಿಡುತ್ತಿದ್ದೆ. ಈಗ ತಿರುಗಿ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಯಾವ ಸಾಮಾನನ್ನು ಗುರುತು ಪರಿಚಯ ಇಲ್ಲದವರು ಮುಟ್ಟಿದರೆ ನಿಮಗೆ ಏನೂ ಅನ್ನಿಸುವುದಿಲ್ಲ, ಯಾವುದನ್ನು ಮುಟ್ಟಿದರೆ ಅನ್ನಿಸುತ್ತದೆ? ಆ ಗೆರೆ ಎಳೆದುಕೊಂಡ ಮೇಲೆ ಗಾಡಿಯ ಪ್ರಶ್ನೆ ಅರ್ಧ ತಾನಾಗೇ ತೀರುತ್ತದೆ. ಇಡೀ ಮನೆಗೆ ಒಂದೇ ಉತ್ತರ ಹುಡುಕಲು ಹೋದವರೇ ಜಾಸ್ತಿ ದುಡ್ಡು ಕಳೆದುಕೊಳ್ಳುವುದು, ಜಾಸ್ತಿ ಅಳುವುದೂ ಅವರೇ.

ಪ್ಯಾಕರ್ಸ್‌ನವರು

ಬೆಳಿಗ್ಗೆ ಎಂಟಕ್ಕೆ ನಾಲ್ಕು ಹುಡುಗರು ಕಾರ್ಟನ್, ಬಬಲ್ ಶೀಟ್, ಟೇಪು ಹಿಡಿದು ಬರುತ್ತಾರೆ. ಮಧ್ಯಾಹ್ನದೊಳಗೆ ಮನೆ ಖಾಲಿ. ಮಂಚ ಬಿಚ್ಚುವುದು, ಟಿವಿ ಸುತ್ತುವುದು, ಗಾಜಿನ ಷೋಕೇಸ್ ಹೊರುವುದು, ಇವುಗಳಲ್ಲಿ ಅವರ ಕೈ ಪಳಗಿರುತ್ತದೆ. ದೂರದ ಊರಿಗೆ ಹೋಗುವಾಗ, ಮನೆಯಲ್ಲಿ ಹೊರುವ ವಯಸ್ಸಿನವರು ಇಲ್ಲದಾಗ, ಮೂರನೇ ಮಹಡಿಯಿಂದ ಲಿಫ್ಟಿಲ್ಲದೆ ಇಳಿಸಬೇಕಾದಾಗ ನಾನು ಎರಡನೇ ಯೋಚನೆ ಮಾಡದೆ ಇವರನ್ನೇ ಕರೆಯುತ್ತೇನೆ. ವರ್ಗಾವಣೆಯ ಸಾಗಣೆ ವೆಚ್ಚ ಆಫೀಸು ಕೊಡುತ್ತದಾದರೆ ಸರಿಯಾದ ಬಿಲ್ಲು ಸಿಗುವುದೂ ಇಲ್ಲೇ.

ಅವರ ಕಷ್ಟ ವೇಗದ್ದು. ಕಣ್ಣಿಗೆ ಬಿದ್ದದ್ದನ್ನೆಲ್ಲ ಹತ್ತಿರದ ಡಬ್ಬಕ್ಕೆ ತುಂಬುತ್ತಾರೆ. ಗದಗದಿಂದ ಶಿವಮೊಗ್ಗಕ್ಕೆ ಬಂದಾಗ ಇಡ್ಲಿ ಸ್ಟ್ಯಾಂಡು ಮೂರು ವಾರ ಸಿಗಲಿಲ್ಲ. ಕೊನೆಗೆ 'ಬುಕ್ಸ್' ಎಂದು ಬರೆದ ಡಬ್ಬದಲ್ಲಿ, ಮಗನ ಶೂ ಪಕ್ಕ ಕೂತಿತ್ತು. ಆ ಮೂರು ವಾರ ಅತ್ತೆ ಮಾತಿಗೆ ಮುಂಚೆ "ಇಡ್ಲಿ ಮಾಡೋಣ ಅಂದ್ರೆ..." ಎಂದು ಶುರು ಮಾಡುತ್ತಿದ್ದರು.

ರೇಟು ಹೋಲಿಸುವಾಗ ಮೊತ್ತಕ್ಕಿಂತ ಮೊದಲು ಪಟ್ಟಿ ಹೋಲಿಸಿ. ಪ್ಯಾಕಿಂಗ್ ಸಾಮಗ್ರಿ, ಟೋಲು, ಮಹಡಿ ಹತ್ತಿಸುವುದು, ಮಂಚ ಮತ್ತೆ ಜೋಡಿಸುವುದು, ಜಿಎಸ್‌ಟಿ ಇವುಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ? ನಮಗೆ ಒಮ್ಮೆ ಲೋಡ್ ಮುಗಿದು, ಹಗ್ಗ ಬಿಗಿದು, ಡ್ರೈವರ್ ಸ್ಟೀರಿಂಗ್ ಹಿಡಿದ ಮೇಲೆ "ಹೇಳಿದ್ದಕ್ಕಿಂತ ಸಾಮಾನು ಜಾಸ್ತಿ ಇದೆ, ಇನ್ನೂ 6,000 ಆಗುತ್ತೆ" ಎಂದರು. ಮನೆಯೆಲ್ಲ ಗಾಡಿಯಲ್ಲಿ ಕೂತಿರುವಾಗ ಜಗಳ ಆಡಲು ನಮ್ಮ ಹತ್ತಿರ ಉಳಿದದ್ದೇನು? ಕೊಟ್ಟೆವು. ತಪ್ಪು ನಮ್ಮದೂ ಇತ್ತು, ಪಟ್ಟಿ ಬಾಯಿಮಾತಿನಲ್ಲಿತ್ತು. ಅಲ್ಲಿಂದೀಚೆಗೆ ಅಟ್ಟ, ಬಾಲ್ಕನಿ, ಮಂಚದ ಕೆಳಗೆ ಎಲ್ಲ ಸೇರಿಸಿ ಬರೆದು, ವಾಟ್ಸಾಪಿನಲ್ಲಿ ಕಳಿಸಿ, "ಈ ಪಟ್ಟಿಗೆ ಈ ರೇಟು" ಎಂದು ಅವರ ಕೈಯಿಂದಲೇ ಉತ್ತರ ತರಿಸಿಕೊಳ್ಳುತ್ತೇನೆ. ಪೂರ್ತಿ ದುಡ್ಡು ಮುಂಗಡ ಕೊಡುವುದಿಲ್ಲ. ಒಂದು ದೊಡ್ಡ ಭಾಗ ಕೊನೆಯ ಡಬ್ಬ ಹೊಸ ಮನೆಯ ನೆಲ ಮುಟ್ಟಿದ ಮೇಲೇ.

ಇನ್ನೆರಡು ಮಾತು. ಕಡಿಮೆ ರೇಟು ಹೇಳಿದರೆ "ನಮ್ಮ ಸಾಮಾನು ಒಂದೇ ಹೋಗುತ್ತಾ, ಬೇರೆಯವರದ್ದೂ ಸೇರುತ್ತಾ?" ಎಂದು ಕೇಳಿ. ಇಬ್ಬರು ಮೂವರ ಮನೆ ಒಂದೇ ಲಾರಿಗೆ ಹಾಕುವುದುಂಟು. ದುಡ್ಡು ಉಳಿಯುತ್ತದೆ, ಆದರೆ ದಿನ ಹೇಳಿದಂತೆ ಬರುವುದಿಲ್ಲ, ನಡುವೆ ಗೋಡೌನಿನಲ್ಲಿ ಇಳಿಸಿ ಹತ್ತಿಸುವಾಗ ಡಬ್ಬಗಳು ಅದಲುಬದಲಾಗುತ್ತವೆ. ಒಬ್ಬನೇ ಹುಡುಗನ ರೂಮಿನ ಸಾಮಾನಿಗೆ ಸರಿ, ಸಂಸಾರಕ್ಕೆ ಬೇಡ. ಎರಡನೆಯದು ಇನ್ಶೂರೆನ್ಸ್. ಸಾಮಾನಿನ ಬೆಲೆಯ ಮೇಲೆ ಇಷ್ಟು ಪರ್ಸೆಂಟ್ ಎಂದು ಬಿಲ್ಲಿಗೆ ಸೇರಿಸುತ್ತಾರೆ. ವಿಮಾ ಕಂಪನಿಯ ಹೆಸರಿರುವ ಪಾಲಿಸಿ ಕಾಗದ ನಿಮ್ಮ ಕೈಗೆ ಬಂದರೆ ಅದು ಇನ್ಶೂರೆನ್ಸ್, ಬರದಿದ್ದರೆ ಬರೀ ಬಿಲ್ಲಿನ ಒಂದು ಸಾಲು. ಕೆಳಗೆ ಸಣ್ಣಕ್ಷರದಲ್ಲಿ 'ಓನರ್ಸ್ ರಿಸ್ಕ್' ಎಂದು ಇದ್ದರೆ, ಒಡೆದದ್ದೆಲ್ಲ ನಿಮ್ಮ ಹಣೆಬರಹ ಎಂದೇ ಅರ್ಥ.

ಹೆಸರಾಂತ ಕಂಪನಿಗಳ ಹೆಸರಿಗೆ ಒಂದಕ್ಷರ ಸೇರಿಸಿಕೊಂಡು ನಡೆಯುವವರೂ ಇದ್ದಾರೆ. ಆಫೀಸು ನಿಮ್ಮೂರಲ್ಲೇ ಇದ್ದರೆ ಒಮ್ಮೆ ಹೋಗಿ ನೋಡಿ ಬನ್ನಿ. ಗಾಡಿ ಹೊರಡುವಾಗ ನಂಬರ್ ಪ್ಲೇಟಿನ ಫೋಟೊ ತೆಗೆದಿಟ್ಟುಕೊಳ್ಳಿ. ದಾರಿಯಲ್ಲಿ "ಇ-ವೇ ಬಿಲ್ ಇಲ್ಲ, ಚೆಕ್‌ಪೋಸ್ಟಿನಲ್ಲಿ ಹಿಡಿದಿದ್ದಾರೆ, ದುಡ್ಡು ಹಾಕಿ" ಎಂಬ ಫೋನು ಬಂದರೆ ಗಾಬರಿ ಬೀಳಬೇಡಿ. ಇ-ವೇ ಬಿಲ್ ಅಂದರೆ ಸರಕು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ಕಾಗದ, ಬಳಸಿದ ಮನೆ ಸಾಮಾನಿಗೆ ಅದರಿಂದ ವಿನಾಯಿತಿ ಇದೆ.

ಟೆಂಪೊ ಮತ್ತು ಹಮಾಲಿ

ಒಂದೇ ಊರಿನೊಳಗೆ, ನೂರು ನೂರೈವತ್ತು ಕಿಲೋಮೀಟರಿನೊಳಗೆ ಆದರೆ ನನ್ನ ಮತ ಟೆಂಪೊಗೆ. ಪ್ಯಾಕಿಂಗ್ ನಿಮ್ಮದು, ಹಾಗಾಗಿ ಯಾವುದು ಎಲ್ಲಿದೆ ಎಂದು ನಿಮಗೇ ಗೊತ್ತಿರುತ್ತದೆ. ಖರ್ಚು ಸುಮಾರು ಅರ್ಧ. ಆದರೆ ಹತ್ತು ಹದಿನೈದು ದಿನ ಮುಂಚಿನಿಂದ ರಾತ್ರಿ ಊಟವಾದ ಮೇಲೆ ದಿನಕ್ಕೆರಡು ಡಬ್ಬ ಕಟ್ಟುವ ತಾಳ್ಮೆ ಬೇಕು. ಅದಿಲ್ಲದವರು ಕೊನೆಯ ರಾತ್ರಿ ಎರಡು ಗಂಟೆಗೆ ಬೆಡ್‌ಶೀಟಿನಲ್ಲಿ ಪಾತ್ರೆ ಗಂಟು ಕಟ್ಟುತ್ತಾ ಗಂಡನ ಜೊತೆ ಜಗಳ ಆಡುತ್ತಾರೆ. ನಾನು ಹಾಸನದಲ್ಲಿ ಆಡಿದ್ದೇನೆ.

ಗಾಡಿಯ ಲೆಕ್ಕದಲ್ಲಿ ಜನ ಭಾರ ನೋಡುತ್ತಾರೆ. ಮನೆ ಸಾಮಾನಿನಲ್ಲಿ ಜಾಗ ತಿನ್ನುವುದು ಭಾರವಲ್ಲ, ಆಕಾರ. ಟಾಟಾ ಏಸ್, ಅಂದರೆ ನಮ್ಮ ಛೋಟಾ ಹಾಥಿ, ಮುಕ್ಕಾಲು ಟನ್ ಹೊರುತ್ತದೆ. ಬಾಡಿ ಸುಮಾರು ಏಳಡಿ ಉದ್ದ, ಅಗಲ ಐದಡಿಗೆ ಸ್ವಲ್ಪ ಕಡಿಮೆ. ಆರೂವರೆ ಅಡಿ ಉದ್ದ ಆರಡಿ ಅಗಲದ ಡಬಲ್ ಹಾಸಿಗೆ ಅದರಲ್ಲಿ ಮಲಗುವುದಿಲ್ಲ, ನಿಲ್ಲಿಸಿಯೇ ಒಯ್ಯಬೇಕು. ಹಾಗಾಗಿ ಒಂದು ರೂಮಿನ ಮನೆಗೂ ಏಸ್ ಎರಡು ಸಲ ಓಡುತ್ತದೆ. ಎರಡು ಟ್ರಿಪ್ಪಿನ ದುಡ್ಡಿಗೆ ಅದಕ್ಕಿಂತ ದೊಡ್ಡದಾದ ಒಂದು ಬೊಲೆರೊ ಪಿಕಪ್ಪೋ, ಟಾಟಾ 407ಓ ಸಿಗುತ್ತದೆಯೇ ಕೇಳಿ. ಎರಡು ರೂಮಿನ ಮನೆಗೆ ಹದಿನಾಲ್ಕಡಿ ಐಷರ್, ಮೂರು ರೂಮಾದರೆ ಹದಿನೇಳಡಿ. ಇದು ನನ್ನ ಅಂದಾಜು, ಅಟ್ಟ ಖಾಲಿ ಇದ್ದವರಿಗೆ.

ದೂರಕ್ಕೆ ಗಾಡಿ ಮಾಡುವಾಗ ಹೋಗಿ ಬರುವ ಎರಡೂ ಕಡೆಯ ಬಾಡಿಗೆ ಹಾಕುತ್ತಾರೆ. ಬೆಂಗಳೂರಿನಿಂದ ಲೋಡು ತಂದು ಖಾಲಿ ವಾಪಸಾಗುವ ಗಾಡಿ ಸಿಕ್ಕರೆ ಕಡಿಮೆಗೆ ಒಪ್ಪುತ್ತಾರೆ, ಆದರೆ ಆ ದಿನ ನಿಮ್ಮ ಕೈಯಲ್ಲಿರುವುದಿಲ್ಲ. ಹಮಾಲಿಯ ಮಾತು ಎರಡೂ ತುದಿಗೆ ಆಡಬೇಕು. ಹತ್ತಿಸಿದವರು ಇಳಿಸಲು ಬರುವುದಿಲ್ಲ. ಬೆಂಗಳೂರಿನಲ್ಲಿ ಇಳಿಸುವವರನ್ನು ಮೊದಲೇ ಗೊತ್ತು ಮಾಡದಿದ್ದರೆ, ಗಾಡಿ ಬಂದು ನಿಂತ ಮೇಲೆ ಅವರು ಹೇಳಿದ್ದೇ ರೇಟು. ದಟ್ಟಣೆಯ ಹೊತ್ತಿನಲ್ಲಿ ನಗರದೊಳಗೆ ಸರಕಿನ ಗಾಡಿಗಳಿಗೆ ನಿರ್ಬಂಧವಿದೆ. ಅಪಾರ್ಟ್‌ಮೆಂಟಾದರೆ ಭಾನುವಾರ ಬೇಡ, ಸಂಜೆ ಆರರ ಮೇಲೆ ಬೇಡ, ಲಿಫ್ಟಿಗೆ ಪ್ರತ್ಯೇಕ ಶುಲ್ಕ ಎಂದು ಅಸೋಸಿಯೇಷನ್ನಿನ ನಿಯಮಗಳೂ ಇರುತ್ತವೆ. ಒಂದು ಫೋನಿನಲ್ಲಿ ತಿಳಿಯುವ ಸಂಗತಿ, ಕೇಳದೆ ಗೇಟಿನಲ್ಲಿ ನಿಲ್ಲುವವರು ಬಹಳ ಜನ.

ಮಲೆನಾಡಿನವರಿಗೆ ಇನ್ನೊಂದು ಮಾತು: ಜೂನ್, ಜುಲೈನಲ್ಲಿ ಮೇಲೆ ಟಾರ್ಪಾಲು ಇದೆಯೇ ಎಂದು ಕೇಳುವುದು ಸಾಲದು, ಬಿಡಿಸಿ ತೋರಿಸಿ ಅನ್ನಿ. ತರೀಕೆರೆ ದಾಟುವವರೆಗೆ ಮಳೆ, ಅರಸೀಕೆರೆ ಹೊತ್ತಿಗೆ ಬಿಸಿಲು. ಒಳಗೆ ನೆಂದ ಹಾಸಿಗೆ ಬೇಯುತ್ತಿರುತ್ತದೆ.

ತುಸು ತುಸುವಾಗಿ

ಹೊಸ ಮನೆ ಎರಡು ಬೀದಿಯಾಚೆ ಇದ್ದಾಗ, "ನಾವೇ ಕಾರಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಸಾಗಿಸಿಬಿಡೋಣ" ಅನ್ನಿಸುತ್ತದೆ. ಕಪಾಟಿನಿಂದ ಕಪಾಟಿಗೆ, ಡಬ್ಬವೇ ಬೇಡ. ಒಂದು ವಾರದ ಮಟ್ಟಿಗೆ ಒಳ್ಳೆಯ ದಾರಿ. ಅದಕ್ಕಿಂತ ಉದ್ದ ಎಳೆದರೆ ಎರಡೂ ಮನೆ ಅರ್ಧಂಬರ್ಧ. ಸಾಸಿವೆ ಇಲ್ಲಿ, ಒಗ್ಗರಣೆ ಸೌಟು ಅಲ್ಲಿ. ಮನಸ್ಸೂ ಹಾಗೇ ಆಗುತ್ತದೆ.

ದೂರದ ಊರಿಗೂ ಇದರ ಒಂದು ತುಂಡು ಉಪಯೋಗಕ್ಕೆ ಬರುತ್ತದೆ. ಪುಸ್ತಕ ತುಂಬಿದ ಡಬ್ಬಗಳನ್ನು ನಾನು ಕೆಎಸ್‌ಆರ್‌ಟಿಸಿ ಬಸ್ಸಿಗೆ ಹಾಕಿದ್ದೇನೆ. 2021ರಲ್ಲಿ ಶುರುವಾದ 'ನಮ್ಮ ಕಾರ್ಗೋ' ಸೇವೆ ಇದೆಯಲ್ಲ, ಅದು. ಬೈಕು ರೈಲಿನ ಪಾರ್ಸಲ್ಲಿನಲ್ಲಿ ಹೋಗುತ್ತದೆ. ಆರ್‌ಸಿ ನಕಲು ಬೇಕು, ಟ್ಯಾಂಕಿನ ಪೆಟ್ರೋಲು ಖಾಲಿ ಮಾಡಿಸಬೇಕು, ಸುತ್ತಿ ಕಟ್ಟಲು ಸ್ಟೇಷನ್ ಹೊರಗೇ ಜನ ಇರುತ್ತಾರೆ. ಲಾರಿಯಲ್ಲಿ ಬೈಕು ನಿಲ್ಲಿಸಿದರೆ ಅದರ ಸುತ್ತ ಮೂರಡಿ ಜಾಗ ಸತ್ತಂತೆ.

ನಾವು ಗೆರೆ ಎಳೆದದ್ದು ಹೀಗೆ

ಕೊನೆಗೆ 26,000ದ ಆ ಹುಡುಗನ ಕಂಪನಿಗೇ ಹೋದೆವು, ಆದರೆ ಇಡೀ ಮನೆ ಒಪ್ಪಿಸಲಿಲ್ಲ. ಮಂಚ, ಬೀರು, ಸೋಫಾ, ಟಿವಿ, ಫ್ರಿಜ್ಜು, ವಾಷಿಂಗ್ ಮೆಷಿನ್ ಅವರ ಕೈಗೆ. ಅಡುಗೆಮನೆ, ಬಟ್ಟೆ, ಪುಸ್ತಕ ನಮ್ಮ ಕೈಗೆ: ಡಬ್ಬ ನಾವೇ ಕಟ್ಟಿ, ಹೊರುವುದು ಮಾತ್ರ ಅವರು. ಇಷ್ಟಕ್ಕೇ 4,000 ಇಳಿಸಿದರು. ದೇವರ ಪೆಟ್ಟಿಗೆ, ಒಡವೆ, ಕಾಗದಪತ್ರದ ಸೂಟ್‌ಕೇಸು, ಅತ್ತೆಯ ಮಾತ್ರೆ ಡಬ್ಬಿ, ತುಳಸಿ ಕುಂಡ ಕಾರಿಗೆ. ಗಿಡಗಳನ್ನು ಹೆಚ್ಚಿನ ಪ್ಯಾಕರ್ಸ್‌ನವರು ಒಯ್ಯುವುದೇ ಇಲ್ಲ. ಒಯ್ದರೂ ಮುಚ್ಚಿದ ಲಾರಿಯ ಬಿಸಿಗೆ ಬದುಕುವುದು ಕಷ್ಟ.

ಅವರ ಕೈಗೆ ಕೊಡುವ ಯಂತ್ರಗಳ ಪೂರ್ವಸಿದ್ಧತೆ ಮಾತ್ರ ನಮ್ಮದೇ. ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ, ಮಂಜು ಕರಗಿಸಿ, ಒರೆಸಿ, ನಿಂತ ಹಾಗೇ ಸಾಗಿಸಬೇಕು. ಹೊಸ ಮನೆಯಲ್ಲಿ ಇಳಿಸಿದ ತಕ್ಷಣ ಸ್ವಿಚ್ ಹಾಕಬೇಡಿ, ಕೆಲವು ಗಂಟೆ ನಿಲ್ಲಲಿ. ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ನಿಗೆ ಡ್ರಮ್ ಅಲುಗಾಡದಂತೆ ಹಿಂದೆ ಹಾಕುವ ಬೋಲ್ಟುಗಳಿರುತ್ತವೆ. ಹೊಸದು ತಂದಾಗ ಬಿಚ್ಚಿ ಎಲ್ಲಿಟ್ಟಿದ್ದೀರಿ ಎಂದು ಈಗಲೇ ಹುಡುಕಿ. ಯುಪಿಎಸ್ ಬ್ಯಾಟರಿ ಅಡ್ಡ ಮಲಗಿದರೆ ಆಸಿಡ್ ಚೆಲ್ಲುತ್ತದೆ. ಎಸಿ, ಗೀಸರು, ನೀರಿನ ಫಿಲ್ಟರು ಬಿಚ್ಚಲು ಆಯಾ ಮೆಕ್ಯಾನಿಕ್‌ನನ್ನೇ ಕರೆಸಿ. ಲೋಡಿಂಗ್ ಹುಡುಗರು "ನಾವೇ ಬಿಚ್ತೀವಿ ಬಿಡಿ ಅಕ್ಕಾ" ಅನ್ನುತ್ತಾರೆ, ಬಿಚ್ಚುತ್ತಾರೆ ಕೂಡ.

ಪುಸ್ತಕಕ್ಕೆ ಸಣ್ಣ ಡಬ್ಬ, ದಿಂಬಿಗೆ ದೊಡ್ಡ ಡಬ್ಬ. ಉಲ್ಟಾ ಮಾಡಿದರೆ ಎತ್ತಲಾಗದ ಒಂದು, ಗಾಳಿ ತುಂಬಿದ ಇನ್ನೊಂದು. ಡಬ್ಬದ ಮೇಲೆ ಏನಿದೆ ಎಂದು ಬರೆಯುವುದಕ್ಕಿಂತ ಹೊಸ ಮನೆಯ ಯಾವ ಕೋಣೆಗೆ ಎಂದು ಬರೆಯಿರಿ, ಅದೂ ಮೂರು ಮಗ್ಗುಲಿಗೆ. ಮೊದಲ ರಾತ್ರಿಯ ಡಬ್ಬ ಒಂದು ಬೇರೆ: ಚಾಪೆ, ಹೊದಿಕೆ, ಬೆಂಕಿಪೊಟ್ಟಣ, ಟೀಪುಡಿ, ಸಕ್ಕರೆ, ಒಂದು ಪಾತ್ರೆ, ಚಾಕು, ಬಲ್ಬು, ಟಾಯ್ಲೆಟ್ ಬಕೆಟ್ಟು. ಅದು ಕೊನೆಗೆ ಹತ್ತಿ ಮೊದಲು ಇಳಿಯಬೇಕು.

ಒಯ್ಯುವುದಾ, ಬಿಡುವುದಾ

ಲೆಕ್ಕದ ಪ್ರಕಾರ ಸುಲಭ. ಒಂದು ವಸ್ತು ಲಾರಿಯಲ್ಲಿ ತಿನ್ನುವ ಜಾಗದ ಬಾಡಿಗೆ, ಅದನ್ನೇ ಅಲ್ಲಿ ಮತ್ತೆ ಕೊಳ್ಳುವ ಬೆಲೆಗೆ ಹತ್ತಿರ ಬಂದರೆ ಇಲ್ಲೇ ಬಿಡಿ. ಪ್ಲಾಸ್ಟಿಕ್ ಕುರ್ಚಿ, ಹತ್ತಿ ಗಂಟಾದ ಹಾಸಿಗೆ, ಒತ್ತುಹಲಗೆಯ, ಅಂದರೆ ಪಾರ್ಟಿಕಲ್ ಬೋರ್ಡಿನ ಕಂಪ್ಯೂಟರ್ ಟೇಬಲ್ಲು ಈ ಗುಂಪಿನವು. ಒತ್ತುಹಲಗೆಯ ಪೀಠೋಪಕರಣ ಒಮ್ಮೆ ಬಿಚ್ಚಿದರೆ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. ತೇಗದ ಮಂಚ, ಕಬ್ಬಿಣದ ಬೀರು, ಗ್ರೈಂಡರು ಒಯ್ಯಲೇಬೇಕಾದವು. ಮಾರುವುದಾದರೆ ಒಂದು ತಿಂಗಳು ಮುಂಚೆ ಆನ್‌ಲೈನಿನಲ್ಲಿ ಹಾಕಿ. ಕೊನೆಯ ವಾರ ಬಂದವರಿಗೆ ನಿಮ್ಮ ಅವಸರ ಮುಖದಲ್ಲೇ ಕಾಣುತ್ತದೆ. ಗುಜರಿಗೆ ಹಾಕುವುದಕ್ಕಿಂತ ಕೆಲಸದವರನ್ನು, ವಾಚ್‌ಮನ್ ಮನೆಯವರನ್ನು ಮೊದಲು ಕೇಳಿ. ಬೇಕಾದದ್ದನ್ನು ಅವರೇ ಆರಿಸಿಕೊಳ್ಳಲಿ, ಹರಿದದ್ದನ್ನೆಲ್ಲ ಅವರ ತಲೆಗೆ ಕಟ್ಟಬೇಡಿ.

ಈ ಲೆಕ್ಕ ಅಟ್ಟದ ಮೇಲೆ ನಡೆಯಲಿಲ್ಲ. ಅಲ್ಲಿ ಹನ್ನೆರಡು ತಾಮ್ರದ ಕೊಡ, ಒಂದು ರುಬ್ಬುವ ಕಲ್ಲು, ಮಾವನವರ ಕೊಡೆ, ನಮ್ಮನೆಯವರು ಮಲಗಿದ್ದ ತೊಟ್ಟಿಲು, ಚಕ್ಕುಲಿ ಒರಳು ಮೂರು, ಬೀಗದ ಕೈ ಕಳೆದುಹೋದ ಒಂದು ಟ್ರಂಕು. ನಾನು ಮೊದಲ ದಿನ ದೊಡ್ಡ ತಪ್ಪು ಮಾಡಿದೆ. "ಅತ್ತೆ, ಇದೆಲ್ಲ ಬೇಕಾ?" ಎಂದು ಕೇಳಿಬಿಟ್ಟೆ. ಹಾಗೆ ಕೇಳಿದರೆ ಯಾರೇ ಆದರೂ ಬೇಕು ಎನ್ನುತ್ತಾರೆ. ಎರಡು ದಿನ ಮಾತು ಕಮ್ಮಿಯಾಯಿತು.

ಮೂರನೇ ದಿನ ನಾದಿನಿಯನ್ನು ಕರೆಸಿದೆ. ಎಲ್ಲವನ್ನೂ ಇಳಿಸಿ, ಒರೆಸಿ, ಜಗಲಿಯ ಮೇಲೆ ಸಾಲಾಗಿ ಇಟ್ಟೆವು. "ಇದು ಯಾರಿಗೆ ಕೊಡೋಣ ಅಂತೀರಿ?" ಎಂದು ನಾದಿನಿ ಒಂದೊಂದನ್ನೇ ಕೇಳುತ್ತಾ ಹೋದಳು. ಅತ್ತೆ ಒಂದೊಂದರ ಕಥೆ ಹೇಳುತ್ತಾ, ಕೊಡಗಳನ್ನು ತಂಗಿಯರಿಗೆ ಹಂಚಿದರು, ಒರಳಿನಲ್ಲಿ ಎರಡನ್ನು ಸೊಸೆಯಂದಿರಿಗೆ, ತೊಟ್ಟಿಲನ್ನು ಬಸುರಿಯಾಗಿದ್ದ ಪಕ್ಕದ ಮನೆ ಹುಡುಗಿಗೆ. ಟ್ರಂಕಿನ ಬೀಗ ಒಡೆಸಿದರೆ ಒಳಗೆ ಇದ್ದದ್ದು ಮಾವನವರ ಎಲೆಕ್ಟ್ರಿಕ್ ಬಿಲ್ಲುಗಳು, ವರ್ಷವಾರು ದಾರ ಕಟ್ಟಿ. ಎಲ್ಲರಿಗಿಂತ ಹೆಚ್ಚು ನಕ್ಕವರು ಅತ್ತೆಯೇ. ರುಬ್ಬುವ ಕಲ್ಲು ಮಾತ್ರ ಯಾರಿಗೂ ಇಲ್ಲ ಎಂದರು. ಬೆಂಗಳೂರಿನ ಎರಡನೇ ಮಹಡಿಯಲ್ಲಿ ಅದನ್ನು ತಿರುಗಿಸುವವರು ಯಾರೂ ಇಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಂತು. ಬಾಲ್ಕನಿಯಲ್ಲಿದೆ, ಅದರ ಗುಂಡಿಯಲ್ಲಿ ಗುಬ್ಬಿಗೆ ನೀರು ಹಾಕುತ್ತಾರೆ.

ಅದಕ್ಕೇ ಹೇಳುವುದು, ವಯಸ್ಸಾದವರಿರುವ ಮನೆಯಲ್ಲಿ ಅಟ್ಟಕ್ಕೆ ಒಂದು ವಾರ ಬೇರೆ ಇಡಿ. ದುಡ್ಡಿನ ದೃಷ್ಟಿಯಿಂದ ನೋಡಿದರೆ ರುಬ್ಬುವ ಕಲ್ಲು ಒಯ್ದದ್ದು ದಡ್ಡತನ. ಮತ್ತೆ ಶಿಫ್ಟ್ ಆದರೆ ಮತ್ತೆ ಒಯ್ಯುತ್ತೇನೆ.

ಯಾವಾಗ

ಆಷಾಢದಲ್ಲಿ, ಧನುರ್ಮಾಸದಲ್ಲಿ, ಪಿತೃಪಕ್ಷದಲ್ಲಿ ನಮ್ಮ ಜನ ಮನೆ ಬದಲಿಸುವುದಿಲ್ಲ. ಹಾಗಾಗಿ ಆ ದಿನಗಳಲ್ಲಿ ಗಾಡಿ ಸಸ್ತಾ, ಟು-ಲೆಟ್ ಬೋರ್ಡು ಜಾಸ್ತಿ, ಓನರುಗಳೂ ಸ್ವಲ್ಪ ಮೆತ್ತಗೆ. ಶ್ರಾವಣ ಹುಟ್ಟಿದ ಮೊದಲ ಒಳ್ಳೆಯ ಶುಕ್ರವಾರ ಇಡೀ ಊರೇ ಲಾರಿ ಹತ್ತುತ್ತದೆ. ನಂಬಿಕೆಯ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ. ನಡುದಾರಿ ಒಂದಿದೆ: ಆಷಾಢಕ್ಕೆ ಮುಂಚೆ ಒಳ್ಳೆಯ ದಿನ ನೋಡಿ ಹೊಸ ಮನೆಯಲ್ಲಿ ಹಾಲುಕ್ಕಿಸಿ, ಉಪ್ಪು, ಅರಿಶಿನ, ಬೇಳೆ ಇಟ್ಟು ಬಂದುಬಿಡಿ. ಸಾಮಾನು ಆಮೇಲೆ ನಿಮಗೆ ಅನುಕೂಲವಾದಾಗ ಸಾಗಲಿ. ಹಿರಿಯರು ಹೆಚ್ಚಿನವರು ಇದಕ್ಕೆ ಒಪ್ಪುತ್ತಾರೆ. ಆದರೆ ಅಷ್ಟು ದಿನ ಎರಡು ಮನೆಯ ಬಾಡಿಗೆ.

ಮಕ್ಕಳಿದ್ದರೆ ಏಪ್ರಿಲ್, ಮೇ ರಜೆಯನ್ನು ಬಿಟ್ಟರೆ ದಸರಾ ರಜೆ. ಎಲ್ಲರೂ ತಿಂಗಳ ಕೊನೆಗೇ ಮನೆ ಬಿಡುವುದರಿಂದ ಆಗ ಗಾಡಿಗೆ ತತ್ವಾರ. ತಿಂಗಳ ನಡುವಿನ ವಾರದ ದಿನ ಕೇಳಿದರೆ ರೇಟು ಇಳಿಯುತ್ತದೆ.

ಲಾರಿ ಬಾಡಿಗೆಗಿಂತ ಉಸಿರುಗಟ್ಟಿಸುವುದು ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಎಂಬುದು ಹಳೆಯ ರೂಢಿ, ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಹೊಸ ಮನೆಗೆ ಅದನ್ನು ಮೊದಲೇ ಕೊಡಬೇಕು, ಹಳೆಯದು ಬರುವುದು ಬೀಗದ ಕೈ ಕೊಟ್ಟ ಮೇಲೆ, ಬಣ್ಣದ ದುಡ್ಡು ಕಳೆದು. ಆ ನಡುವಿನ ದಿನಗಳಿಗೆ ದುಡ್ಡು ಎಲ್ಲಿಂದ ಎಂದು ಮನೆ ನೋಡಲು ಹೋಗುವ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿ.

ಜನರನ್ನು ಸಾಗಿಸುವುದು

ಗಂಡಸರು ಮೊದಲು ಹೋಗಿ ಡ್ಯೂಟಿಗೆ ಸೇರಿ, ಪಿಜಿಯಲ್ಲಿದ್ದು, ಎರಡು ಮೂರು ತಿಂಗಳ ಮೇಲೆ ಸಂಸಾರ ಕರೆಸಿಕೊಳ್ಳುವುದು ಒಂದು ಪದ್ಧತಿ. ಎಲ್ಲರೂ ಒಟ್ಟಿಗೆ ಹೋಗಿಬಿಡುವುದು ಇನ್ನೊಂದು. ಎರಡನ್ನೂ ಮಾಡಿದ್ದೇನೆ. ಮೊದಲನೆಯದರಲ್ಲಿ ಮನೆ ಸಾವಕಾಶವಾಗಿ ಹುಡುಕಬಹುದು, ಶಾಲೆಯ ವರ್ಷ ಮುಗಿಯುತ್ತದೆ. ಆದರೆ ನಾನು ಕುಟುಂಬ ಕಟ್ಟಿಕೊಂಡು ಬರುವ ಹೊತ್ತಿಗೆ ಅವರಿಗೆ ಆ ಊರಿನ ಹೋಟೆಲು, ಗೆಳೆಯರು, ಬಸ್ ನಂಬರು ಎಲ್ಲ ಗೊತ್ತು. ನನಗೆ ಏನೂ ಗೊತ್ತಿಲ್ಲ, ಮೇಲೆ ಅವರು "ಒಳ್ಳೇ ಊರು ಕಣೇ, ನಿಂಗೆ ಯಾಕೆ ಬೇಜಾರು?" ಅನ್ನುತ್ತಾರೆ. ಹಾಗೆ ಹೋಗುವುದಾದರೆ ನಡುವೆ ಒಂದು ಸಲವಾದರೂ ಹೆಂಡತಿಯೂ ಹೋಗಿ ಮನೆ ನೋಡಿ ಬರಬೇಕು. ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗೆ ಎಂದು ಫೋಟೊದಲ್ಲಿ ತಿಳಿಯುವುದಿಲ್ಲ.

ಮಕ್ಕಳನ್ನು ಶಿಫ್ಟಿಂಗ್ ದಿನ ಅಜ್ಜಿ ಮನೆಗೆ ಕಳಿಸುವುದು ಅನುಕೂಲ. ಮಗನಿಗೆ ನಾಲ್ಕು ವರ್ಷವಿದ್ದಾಗ ಹಾಗೇ ಮಾಡಿ, ನೇರ ಹೊಸ ಮನೆಗೆ ಕರೆತಂದೆವು. ಅವನು ಸುಮಾರು ದಿನ ಸಂಜೆಯಾದರೆ ಚಪ್ಪಲಿ ಹಾಕಿಕೊಂಡು "ನಮ್ಮನೆಗೆ ಯಾವಾಗ ಹೋಗೋದು?" ಎಂದು ಬಾಗಿಲ ಹತ್ತಿರ ನಿಲ್ಲುತ್ತಿದ್ದ. ಅವನ ಕಣ್ಣಿಗೆ ಹಳೆಯ ಮನೆ ಇನ್ನೂ ಅಲ್ಲೇ, ಆಟಿಕೆ ಸಮೇತ ಇತ್ತು. ಮಗಳ ಸರದಿಯಲ್ಲಿ ನಾವು ಕಳಿಸಲಿಲ್ಲ. ಅವಳ ಡಬ್ಬ ಅವಳೇ ತುಂಬಿದಳು, ಮೇಲೆ ತನ್ನ ಹೆಸರು ಬರೆದಳು, ಖಾಲಿ ಕೋಣೆಯಲ್ಲಿ ಕೂಗಿ ಪ್ರತಿಧ್ವನಿ ಕೇಳಿದಳು, ಅತ್ತಳು, ಕಾರಿನಲ್ಲಿ ನಿದ್ದೆ ಹೋದಳು. ಕೆಲಸದ ದೃಷ್ಟಿಯಿಂದ ಅವಳು ಕಾಲಿಗೆ ತೊಡಕೇ. ಆದರೂ ಇದೇ ವಾಸಿ. ಸುದ್ದಿಯನ್ನೂ ಬೇಗ ಹೇಳಿ. ಹತ್ತು ದಾಟಿದ ಮಕ್ಕಳಿಗೆ ನೀವು ಹೇಳುವ ಮೊದಲೇ ಫೋನಿನ ಮಾತು ಕಿವಿಗೆ ಬಿದ್ದಿರುತ್ತದೆ.

ವಯಸ್ಸಾದವರದ್ದು ಉಲ್ಟಾ. ಅವರನ್ನು ಲಾರಿಯ ದಿನ ಆ ಧೂಳಿನಲ್ಲಿ ಕೂರಿಸಬಾರದು. ಹಾಗೆಂದು ಎಲ್ಲ ಮುಗಿದ ಮೇಲೆ ಅತಿಥಿಯ ಹಾಗೆ ಕರೆತಂದರೂ ಸರಿಹೋಗುವುದಿಲ್ಲ, ಯಾವುದು ಎಲ್ಲಿರಬೇಕು ಎಂಬ ತೀರ್ಮಾನಗಳೆಲ್ಲ ಅವರಿಲ್ಲದೆ ಆಗಿಹೋಗಿರುತ್ತವೆ. ನಾವು ಕಂಡುಕೊಂಡ ಕ್ರಮ: ಹಾಲುಕ್ಕಿಸುವ ದಿನ ಅವರೇ ಮುಂದೆ. ಆಮೇಲೆ ಎರಡು ದಿನ ನಾದಿನಿ ಮನೆ. ಅಷ್ಟರಲ್ಲಿ ನಾವು ಮೊದಲು ಜೋಡಿಸುವುದು ಅವರ ಕೋಣೆ, ಅದೇ ಮಂಚ, ಅದೇ ಮಗ್ಗುಲಿಗೆ ಗೋಡೆ, ರಾತ್ರಿ ಕೈ ಚಾಚಿದರೆ ಸಿಗುವಲ್ಲಿ ನೀರಿನ ಚೊಂಬು. ಬಚ್ಚಲಿನಲ್ಲಿ ಹಿಡಿಕೆ. ಅಡುಗೆಮನೆ ಅರ್ಧ ಮಾತ್ರ ಜೋಡಿಸಿ ಬಿಡಿ, ಉಳಿದದ್ದನ್ನು ಅವರು ತಿದ್ದಲಿ.

ಹಾಲುಕ್ಕಿಸಿದ ದಿನ ನಮ್ಮಲ್ಲಿ ಗ್ಯಾಸ್ ಇರಲಿಲ್ಲ. ಇಂಡಕ್ಷನ್ ಒಲೆಯ ಮೇಲೆ ಹಾಲು ಉಕ್ಕಿತು, ಉಕ್ಕಿದ್ದೇ ಒಲೆ ತಾನಾಗಿ ಆಫ್ ಆಯಿತು. ಅತ್ತೆ ಅದನ್ನೇ ನೋಡಿ, "ಇದಕ್ಕೆ ಶಾಸ್ತ್ರ ಗೊತ್ತಿಲ್ಲ" ಅಂದರು. ಅವರು ಊರಿನಿಂದ ಐದು ಲೀಟರ್ ಕ್ಯಾನಿನಲ್ಲಿ ತುಂಗೆಯ ನೀರು ತಂದಿದ್ದರು. ತುಂಗಾ ಪಾನ, ಗಂಗಾ ಸ್ನಾನ ಎಂದು ಬೆಳೆದವರಿಗೆ ಬೆಂಗಳೂರಿನ ಟ್ಯಾಂಕರ್ ನೀರು ನಾಲಿಗೆಗೆ ಹತ್ತುವುದಿಲ್ಲ. ವಾರವಿಡೀ ಒಂದೊಂದೇ ಲೋಟ ಕುಡಿದು, ಕ್ಯಾನು ಖಾಲಿಯಾದ ದಿನ ಏನೂ ಹೇಳದೆ ಫಿಲ್ಟರಿನ ನಲ್ಲಿ ತಿರುಗಿಸಿದರು. ನನಗೆ ಆ ದಿನ ಮನೆ ಶಿಫ್ಟ್ ಆಯಿತು ಅನ್ನಿಸಿತು, ಲಾರಿ ಬಂದು ಹೋಗಿ ಒಂಬತ್ತನೇ ದಿನ.

ಹಳೆಯ ಊರಿಗೆ ಬೇಗ ಒಮ್ಮೆ ಹೋಗಿ ಬರಬೇಕಾ, ಕೆಲವು ತಿಂಗಳು ಹೋಗಬಾರದಾ? ಮಕ್ಕಳಾದರೆ ಕೆಲವು ತಿಂಗಳು ಬೇಡ, ಹೊಸ ಶಾಲೆಯಲ್ಲಿ ಒಬ್ಬ ಗೆಳೆಯ ಆಗಲಿ. ಹಿರಿಯರಾದರೆ ತಿಂಗಳೊಳಗೆ ಒಮ್ಮೆ ಕರೆದೊಯ್ಯಿರಿ. ಮತ್ತೆ ಬರಬಹುದು ಎಂದು ಗೊತ್ತಾದರೆ ಇಲ್ಲಿ ಇರಲು ಒಪ್ಪುತ್ತಾರೆ.

ಕಾಗದಪತ್ರ, ಚುಟುಕಾಗಿ

ಗ್ಯಾಸು: ಅದೇ ಊರಿನೊಳಗೆ ಆದರೆ ಸಿಲಿಂಡರು, ರೆಗ್ಯುಲೇಟರು ನಿಮ್ಮಲ್ಲೇ ಇರಲಿ, ಕನೆಕ್ಷನ್ ಮಾತ್ರ ಹೊಸ ಏಜೆನ್ಸಿಗೆ ವರ್ಗವಾಗುತ್ತದೆ. ಬೇರೆ ಊರಾದರೆ ಎರಡನ್ನೂ ಒಪ್ಪಿಸಿ, ಡಿಪಾಸಿಟ್ ಹಿಂಪಡೆದು, ಅವರು ಕೊಡುವ ವೋಚರ್ ಜೋಪಾನವಾಗಿ ಇಟ್ಟುಕೊಳ್ಳಿ. ಅಲ್ಲಿ ಈಗಿನ ದರದ ಡಿಪಾಸಿಟ್ ಕಟ್ಟಬೇಕು. ಗೃಹಜ್ಯೋತಿ: ಹಳೆಯ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್.ಆರ್. ನಂಬರಿನಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿಸಿದರೆ ಮಾತ್ರ ಹೊಸ ಮನೆಗೆ ಜೋಡಿಸಲು ಆಗುವುದು. ಶಾಲೆಯಿಂದ ಟಿಸಿ, ಜೊತೆಗೆ ಮಗುವಿನ ಸ್ಯಾಟ್ಸ್ ನಂಬರು, ಅಂದರೆ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ. ಮತದಾರರ ಪಟ್ಟಿಗೆ ಫಾರ್ಮ್ 8. ಆಧಾರ್ ವಿಳಾಸ ಆನ್‌ಲೈನಿನಲ್ಲೇ ಆಗುತ್ತದೆ. ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಿಕೊಳ್ಳಲು.

ಬೀಗದ ಕೈ ಲಾರಿ ಹೊರಟ ಸಂಜೆಯೇ ಕೊಡುವುದಾ, ಮಾರನೇ ದಿನ ಕೊಡುವುದಾ ಎಂಬುದೊಂದು ಉಳಿಯಿತು. ಸಾಧ್ಯವಾದರೆ ಮಾರನೇ ದಿನ. ಖಾಲಿ ಗೋಡೆಗಳ ಫೋಟೊ, ಮೀಟರಿನ ರೀಡಿಂಗು, ನಲ್ಲಿಗಳು ಹಗಲಿನ ಬೆಳಕಿನಲ್ಲಿ ನೋಡಿ, ಓನರಿಗೂ ತೋರಿಸಿ, ಅಡ್ವಾನ್ಸ್ ಲೆಕ್ಕ ಅಲ್ಲೇ ಮುಗಿಸಬಹುದು. ಅತ್ತೆ ಆ ಬೆಳಿಗ್ಗೆ ಇಡೀ ಮನೆ ತಾವೇ ಗುಡಿಸಿದರು, ಬೇಡವೆಂದರೂ ಕೇಳಲಿಲ್ಲ. ಹೊಸ್ತಿಲಿಗೆ ರಂಗೋಲಿ ಎಳೆದರು. ನಾವು ಕಡೂರು ದಾಟುವಾಗ ಓನರಮ್ಮನ ಫೋನು ಬಂತು. "ಬಾಗಿಲ ಹಿಂದೆ ಪೊರಕೆ ಮರೆತು ಹೋಗಿದ್ದೀರಲ್ಲ" ಅಂದರು. ನಾನು ಹಿಂದೆ ತಿರುಗಿ ಅತ್ತೆಯನ್ನು ನೋಡಿದೆ.

"ಮರೆತಿಲ್ಲ ಅನ್ನು" ಎಂದರು ಅತ್ತೆ. "ಹಳೇ ಪೊರಕೆ ಹೊಸ ಮನೆಗೆ ತರ್ತಾರೇನೇ?"